ಕೂಟದಲ್ಲಿ ಕೇಳಬಾರದ್ದು

ಬ್ರಹ್ಮಾವರದಲ್ಲಿ ನಿಂತ ಬಸ್ಸು ಮತ್ತೆ ಹೊರಡುವ ಲಕ್ಷಣವೇ ಕಾಣಲಿಲ್ಲ. ಯುದ್ಧದ ಕಾಲ. ಪೆಟ್ರೋಲೆಲ್ಲ ಸಿಪಾಯಿಗಳಿಗೆ, ಊರಿನ ಬಸ್ಸಿಗೆ ಇದ್ದಲು. ಬಸ್ಸಿನ ಹಿಂಬದಿಗೆ ಕಟ್ಟಿದ ಹಂಡೆಯಂಥದ್ದಕ್ಕೆ ಇದ್ದಲು ಸುರಿದು, ಕ್ಲೀನರ್ ಶೀನ ಅದರ ಹಿಡಿಕೆ ತಿರುಗಿಸಿ ತಿರುಗಿಸಿ ಸುಸ್ತಾಗಿದ್ದ. ಒಳಗೆ ಕೂತಿದ್ದ ವಿಷ್ಣುಮೂರ್ತಿಗೆ ಅವನಿಗಿಂತ ಹೆಚ್ಚು ಸುಸ್ತು. ಮದ್ರಾಸಿನಿಂದ ಮಂಗಳೂರಿಗೆ ರೈಲು, ಅಲ್ಲಿಂದ ಬಸ್ಸು, ಬಸ್ಸಿಳಿದು ಕಡವಿನ ದೋಣಿ, ದೋಣಿಯಿಳಿದು ಮತ್ತೆ ಬಸ್ಸು. ಮೈಯ ಸುಸ್ತಾದರೆ ಒಂದು ನಿದ್ದೆಗೆ ಇಳಿದೀತು. ಅವನದ್ದು ಅಂಥದ್ದಾಗಿರಲಿಲ್ಲ.

"ಹ್ವಾಯ್, ಗಂಡಸ್ರೆಲ್ಲ ಇಳೀರಿ ಕಾಂಬ! ಚೂರ್ ದೂಡ್ಕ್!" ಎಂದು ಶೀನ ಕೂಗಿದ.

ವಿಷ್ಣುಮೂರ್ತಿ ಇಳಿದು ದೂಡಿದ. ಯೂನಿವರ್ಸಿಟಿಯಲ್ಲಿ ಎಂ.ಲಿಟ್. ಪದವಿಗೆ ಪ್ರಬಂಧ ಬರೆದ ಮನುಷ್ಯ ಬಸ್ಸು ದೂಡುವುದರಲ್ಲಿ ಯಾರಿಗೂ ಹಿಂದೆ ಬೀಳಲಿಲ್ಲ. ಸಿಟ್ಟಿತ್ತಲ್ಲ, ಅದನ್ನೆಲ್ಲ ಬಸ್ಸಿನ ಬೆನ್ನಿನ ಮೇಲೆ ತೀರಿಸಿಕೊಂಡ.

ಸಿಟ್ಟು ಯಾರ ಮೇಲೆ ಎಂದು ಕೇಳಿದರೆ ಅವನೇ ತಡವರಿಸುತ್ತಿದ್ದ. ಸಾಲಿಗ್ರಾಮದವ ಅವನು. ಹೆತ್ತವರು ಬೇಗ ಹೋದದ್ದರಿಂದ ಸೋದರಮಾವ ಕೃಷ್ಣಯ್ಯನವರ ಮನೆಯಲ್ಲಿ ಬೆಳೆದವ. ಮಾಣಿ ಓದಿನಲ್ಲಿ ಚುರುಕು ಎಂದು ಮಾವ ಮದ್ರಾಸಿನ ತನಕ ಕಳಿಸಿದರು. ಅಲ್ಲಿ ಅವನು ಹಿಡಿದ ವಿಷಯ ನಮ್ಮ ಕರಾವಳಿಯ ಜನರ ಮತ್ತು ಮಾತಿನ ಮೂಲ. ಇಲ್ಲಿ ಯಾರನ್ನೇ ಮಾತಾಡಿಸಿ ನೋಡಿ, ನಮ್ಮ ಹಿರಿಯರು ಇಲ್ಲಿಯವರಲ್ಲ ಎಂದೇ ಶುರುಮಾಡುತ್ತಾರೆ. ಒಬ್ಬರು ಘಟ್ಟದ ಮೇಲಿಂದ ಇಳಿದವರಂತೆ, ಒಬ್ಬರು ಗೋವೆಯಿಂದ ಓಡಿಬಂದವರಂತೆ, ಇನ್ನೊಬ್ಬರು ಗಂಗೆಯ ಆಚೆಯವರಂತೆ. ಎಲ್ಲರೂ ಹೊರಗಿನವರೇ ಆದರೆ ಈ ಊರಿನ ಮಾತು ಯಾರದ್ದು? ವಿಷ್ಣುಮೂರ್ತಿ ಇದಕ್ಕೊಂದು ಉತ್ತರ ಕಂಡುಕೊಂಡಿದ್ದ. ಮಾತು ಹುಟ್ಟಿದ ಮನೆಯನ್ನು ಹುಡುಕಿಕೊಂಡು ಹೋದರೆ ತುದಿಯಿಲ್ಲ, ಬುಡವಿಲ್ಲ. ಅದಕ್ಕೆ ಜವಾಬು ಕೊಡಲು ಯಾರು ನಿಂತಿದ್ದಾರೋ ಮಾತು ಅವರದ್ದು. ಇಡೀ ಪ್ರಬಂಧ ಈ ಒಂದು ಯೋಚನೆಯ ಮೇಲೆ ನಿಂತಿತ್ತು. ಯಾರನ್ನೂ ಹೊಗಳದ ಪ್ರೊಫೆಸರು ಇದನ್ನು ಓದಿ ಕನ್ನಡಕ ತೆಗೆದಿಟ್ಟು, ಇಂಥದ್ದನ್ನು ಓದಿ ಬಹಳ ಕಾಲವಾಯಿತು ಎಂದಿದ್ದರು.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಪ್ರೊಫೆಸರ ಮನೆಯಲ್ಲಿ ಚಹಾಕ್ಕೆ ಕರೆದ ದಿನ ಬೈಂದೂರಿನ ಉಮಾನಾಥನೂ ಬಂದಿದ್ದ. ಲಾ ಓದುತ್ತಿದ್ದವ, ಹಾಸ್ಟೆಲಿನಲ್ಲಿ ವಿಷ್ಣುಮೂರ್ತಿಯ ಪಕ್ಕದ ಕೋಣೆಯವ, ಮನಸ್ಸಿನಲ್ಲಿ ಇದ್ದದ್ದು ಬಾಯಿಗೆ ಬಾರದಿದ್ದರೆ ಅನ್ನ ಕರಗದವ. ಪ್ರೊಫೆಸರು ಈ ಯೋಚನೆಯನ್ನು ಮತ್ತೆ ಹೊಗಳಿದಾಗ ಅವನು ಬಿಸ್ಕತ್ತು ಕಡಿಯುತ್ತ, "ಇದು ನನಗೆ ಗೊತ್ತು ಸರ್. ಸಣ್ಣವನಿದ್ದಾಗ ಸಾಲಿಗ್ರಾಮದ ತಾಳಮದ್ದಳೆಯಲ್ಲಿ ಕೇಳಿದ್ದೇನೆ. ಇವನ ಮಾವ ಹೇಳಿದ್ದು, ಏನು ಚಂದ ಹೇಳಿದ್ದರು ಅಂತೀರಿ!" ಎಂದುಬಿಟ್ಟ.

ವಿಷ್ಣುಮೂರ್ತಿಯ ಕೈಯ ಚಹಾ ಅಲ್ಲೇ ನಿಂತಿತು. ಸುಳ್ಳು ಎನ್ನೋಣವೆಂದರೆ ಉಮಾನಾಥನ ಬಾಯಿಂದ ಬಿದ್ದೊಡನೆ ಅವನ ಕಿವಿಯಲ್ಲೂ ಆ ದನಿ ಎದ್ದಿತ್ತು. ಮಾವನ ದನಿಯೇ. ಪುಸ್ತಕಗಳ ನಡುವೆ ಕೂತು, ಕಣ್ಣು ಹಾಳುಮಾಡಿಕೊಂಡು, ತನ್ನ ತಲೆಯಲ್ಲೇ ಹುಟ್ಟಿತು ಎಂದು ಹಿಗ್ಗಿದ್ದ ಯೋಚನೆ ಅದು. ಕದ್ದಿದ್ದರೆ ಕದ್ದೆ ಎಂದಾದರೂ ಒಪ್ಪಬಹುದಿತ್ತು. ಕದ್ದದ್ದೇ ಗೊತ್ತಿಲ್ಲದವ ಏನು ಮಾಡಬೇಕು ಹೇಳಿ. ಅವನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ದುಃಖವಾಯಿತು.

ಪ್ರೊಫೆಸರು ಬಯ್ಯಲಿಲ್ಲ. ಬೈದಿದ್ದರೇ ಲೇಸಿತ್ತು. "ತಪ್ಪೇನಿಲ್ಲ," ಎಂದರು. "ಆದರೆ ಯಾರದ್ದು ಎಂದು ಅಡಿಯಲ್ಲಿ ಬರೆಯಬೇಕು. ನಿಮ್ಮ ಮಾವನೇ ಕಟ್ಟಿದ ಮಾತೋ, ಅವರೂ ಬೇರೆ ಕಡೆಯಿಂದ ತಂದದ್ದೋ? ಕೇಳಿಕೊಂಡು ಬನ್ನಿ. ಹೆಸರಿಲ್ಲದೆ ನಾನು ಸಹಿ ಹಾಕಲಾರೆ." ಕಾಲೇಜು ತೆರೆಯುವುದರೊಳಗೆ ಇದಾಗಬೇಕು. ಮಂಗಳೂರಿನ ಕಾಲೇಜೊಂದರಲ್ಲಿ ಅವನಿಗಾಗಿ ಒಂದು ಕೆಲಸ ಕಾದಿತ್ತು. ಪದವಿ ಬಂದರೆ ಕೆಲಸ, ಇಲ್ಲದಿದ್ದರೆ ಎರಡೂ ಇಲ್ಲ. ಅದನ್ನು ಕೇಳಲಿಕ್ಕೇ ಈ ಪ್ರಯಾಣ.

ಮನೆ ತಲುಪುವಾಗ ಬಿಸಿಲು ಇಳಿದಿತ್ತು. ಕೃಷ್ಣಯ್ಯನವರು ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಎತ್ತರದ ಆಳು, ಕಿವಿಯಲ್ಲಿ ಒಂಟಿ, ದೇವಸ್ಥಾನದ ಕೆಲಸ ಮತ್ತು ಎರಡು ಗದ್ದೆ ಬಿಟ್ಟರೆ ಅವರಿಗಿದ್ದ ಹುಚ್ಚು ತಾಳಮದ್ದಳೆಯೊಂದೇ.

"ಬಂದ್ಯಾ ಮಾಣಿ? ಎಂತ, ಹೀಂಗ್ ಒಣಗಿ ಹೋಯ್ದೆ? ಮದ್ರಾಸಲ್ ಅನ್ನ ಹಾಕುದಿಲ್ಯಾ?"

"ಅಲ್ಲಿ ರೇಷನ್ ಮಾವಯ್ಯ."

"ಇಲ್ಲೂ ರೇಷನ್ನೇ. ಆದ್ರೆ ನಿನ್ ಅತ್ತೆ ಇದ್ಲಲ್ಲ, ಅವ್ಳ್ ಗಂಜಿಗೂ ರುಚಿ ಬರ್ಸುತ್ಲ್."

ಒಳಗಿನಿಂದ ಪಂಕಜಾಕ್ಷಿ ಅತ್ತೆ, "ಹೊಗ್ಳಿದ್ ಸಾಕ್. ಅಂವ ಕೈಕಾಲ್ ತೊಳ್ಕೊಂಡ್ ಬರ್ಲಿ," ಎಂದರು. ಆ ಸಂಜೆ ವಿಷ್ಣುಮೂರ್ತಿ ಏನೂ ಕೇಳಲಿಲ್ಲ. ಮರುದಿನವೂ ಕೇಳಲಿಲ್ಲ. ಅಳಿಯ ದೊಡ್ಡ ಪುಸ್ತಕ ಬರೆದನಂತೆ ಎಂದು ಮಾವ ದಾರಿಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿಕೊಂಡು ಬರುತ್ತಿದ್ದರು. ಆ ಪುಸ್ತಕದ ಜೀವ ಇರುವುದು ನಿಮ್ಮ ಮಾತಿನಲ್ಲಿ ಎಂದು ಹೇಗೆ ಶುರುಮಾಡುವುದು?

ಭಾನುವಾರ ಊರಿನ ಒಂದು ಮನೆಯ ಚಾವಡಿಯಲ್ಲಿ ಕೂಟವಿತ್ತು. ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚಿ ಆಟ ನಿಲ್ಲಿಸಿದ ಮೇಲೆ, ಮಳೆ ಹಿಡಿಯುವ ಮೊದಲು, ನಮ್ಮ ಕಡೆ ತಾಳಮದ್ದಳೆಯ ಕಾಲ. ಸೀಮೆಎಣ್ಣೆ ಸಿಗದ್ದರಿಂದ ಆ ವರ್ಷ ಕೂಟಗಳೆಲ್ಲ ಮಧ್ಯಾಹ್ನವೇ ನಡೆಯುತ್ತಿದ್ದವು. ಇದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ. ಎದುರುಬದುರು ಕೂತವರು, ಒಬ್ಬ ರಾಜ, ಒಬ್ಬ ದೂತ, ಹೀಗೆ ಪಾತ್ರವಾಗಿ ವಾದಕ್ಕಿಳಿಯುತ್ತಾರೆ. ಅದಕ್ಕೆ ಅರ್ಥ ಹೇಳುವುದು ಎನ್ನುತ್ತಾರೆ. ಬರೆದಿಟ್ಟದ್ದನ್ನು ಒಪ್ಪಿಸುವ ಹಾಗಿಲ್ಲ. ಎದುರಿನವ ಕೊಕ್ಕೆ ಹಾಕುತ್ತಾನೆ, ಆ ಗಳಿಗೆಗೆ ಹೊಳೆದದ್ದನ್ನು ಹೇಳಿ ಬಿಡಿಸಿಕೊಳ್ಳಬೇಕು. ಬಿಡಿಸಿಕೊಳ್ಳಲಾರದವನ ಮಾನ ಅಲ್ಲೇ ಚಾಪೆಯ ಮೇಲೆ ಹೋಯಿತು.

ಆ ದಿನ ಸಂಧಾನದ ಪ್ರಸಂಗ. ದೂತನ ಅರ್ಥ ಕೃಷ್ಣಯ್ಯನವರದ್ದು, ರಾಜನದ್ದು ಶಂಕರನಾರಾಯಣದಿಂದ ಬಂದ ಪ್ರೇಮಾನಂದ ಎಂಬ ಎಳೆಯ ಮಾಸ್ತರರದ್ದು. ಮಾಸ್ತರರು ಮಾತಿನಲ್ಲಿ ಚೂಪು. ಸ್ವಲ್ಪ ಹೊತ್ತು ಅತ್ತಿತ್ತ ಎಳೆದಾಡಿ, ಕಡೆಗೆ ಬಲೆ ಬೀಸಿದರು. "ಎಲೈ ದೂತನೇ, ನೀನಾಡುವುದು ನಿನ್ನ ಮಾತೋ, ನಿನ್ನನ್ನು ಕಳಿಸಿದವನ ಮಾತೋ? ಅವನದ್ದಾದರೆ ನಿನ್ನೊಡನೆ ನನಗೇನು ಕೆಲಸ? ನಿನ್ನದ್ದಾದರೆ ಅದನ್ನು ಕೇಳುವ ದರ್ದು ನನಗೇನು?"

ಚಾವಡಿ ಹಿಗ್ಗಿತು. ಏನು ಬರುತ್ತದೆಂದು ಎಲ್ಲರಿಗೂ ಗೊತ್ತು, ಆದರೂ ಎಲ್ಲರೂ ಮುಂದಕ್ಕೆ ಬಗ್ಗಿದರು. ಕೃಷ್ಣಯ್ಯನವರು ಅವಸರ ಮಾಡಲಿಲ್ಲ. ಹೆಗಲ ಶಾಲು ಸರಿಮಾಡಿಕೊಂಡು, ಈಗಷ್ಟೇ ಹೊಳೆಯಿತು ಎಂಬಂತೆ ಮೆಲ್ಲಗೆ ತಲೆಯೆತ್ತಿದರು. "ಮಾತು ಹುಟ್ಟಿದ ಮನೆ ಯಾವುದೆಂದು ಕೇಳಬೇಡ ದೊರೆಯೇ. ಅದಕ್ಕೆ ಜವಾಬು ಕೊಡಲು ಯಾರು ನಿಂತಿದ್ದಾನೆ, ನೋಡು. ನಾನು ನಿಂತಿದ್ದೇನೆ. ನಾಳೆ ಈ ಮಾತಿಗಾಗಿ ತಲೆ ಹೋಗುವುದಾದರೆ ಹೋಗುವುದು ನನ್ನ ತಲೆ. ಆದ್ದರಿಂದ ಮಾತು ನನ್ನದು."

"ಭಳಿರೇ!" ಎಂದು ಯಾರೋ ಕೂಗಿದರು. ವಿಷ್ಣುಮೂರ್ತಿಯ ಮೈ ಜುಮ್ಮೆಂದಿತು. ಇಂಗ್ಲಿಷಿನಲ್ಲಿ ಎಷ್ಟು ಪುಟ ತುಂಬಿಸಿ ತಾನು ಹೇಳಿದ್ದನ್ನು ಮಾವ ಒಂದು ಉಸಿರಿನಲ್ಲಿ ಮುಗಿಸಿದ್ದರು. ಹೆಮ್ಮೆಯೂ ಆಯಿತು, ಹೊಟ್ಟೆಯುರಿಯೂ ಆಯಿತು.

ಮಂಗಳ ಹಾಡಿದ ಮೇಲೆ ಎಲೆಯಡಿಕೆಯ ಹರಿವಾಣ ಸುತ್ತು ಬಂತು. ಭಾಗವತರು, "ಆ ಒಂದ್ ಮಾತ್ ಕೇಣುಕೆ ಎಷ್ಟ್ ದೂರ ಬಂದ್ರೂ ಅಡ್ಡಿಲ್ಲೆ, ಅಲ್ದಾ?" ಎಂದರು. ಇದೇ ಹೊತ್ತು ಎಂದುಕೊಂಡ ವಿಷ್ಣುಮೂರ್ತಿ. ಯೂನಿವರ್ಸಿಟಿಯಲ್ಲಿ ಒಂದು ಮಾತು ಯಾರದ್ದು ಎಂದು ಕೇಳುವುದೇ ಮರ್ಯಾದೆ. ಯಾರು ಏನು ಹೇಳಿದರೂ ಮೊದಲು ಕೇಳುವುದು ಇದನ್ನೇ, ಕೇಳದಿದ್ದರೆ ಓದಿದವನಲ್ಲ. ಆ ಧೈರ್ಯದ ಮೇಲೆ ಬಾಯಿಬಿಟ್ಟ.

"ಮಾವಯ್ಯ, ಆ ಮಾತ್ ನಿಮ್ದೇಯಾ, ಬೇರೆ ಯಾರ್ದಾದ್ರೂವಾ? ಯಾರ್ ಹತ್ರ ಕೇಂಡದ್ದ್?"

ಹರಿವಾಣ ಹಿಡಿದವರ ಕೈ ಅಲ್ಲೇ ನಿಂತಿತು. ಕೃಷ್ಣಯ್ಯನವರು ನಕ್ಕರು. "ನಮ್ಗೆ ಮನ್ಷ್ಯ ಗುರು ಇಲ್ಲ ಮಾಣಿ, ನಿಂಗೊತ್ತಿತ್ತಲ್ದಾ? ನಮ್ಮೋರ್ಗೆಲ್ಲ ಗುರು ಅಂದ್ರೆ ಗುಡಿಯೊಳ್ಗ್ ಕೂಕಂಡಿಪ್ಪ ನರಸಿಂಹ. ಅವ್ನ್ ಹತ್ರ ಹೋಯಿ ಕೇಣ್."

ಚಾವಡಿಯೆಲ್ಲ ನಕ್ಕಿತು. ಅಲ್ಲಿಗೆ ಬಿಡಬೇಕಿತ್ತು ಈ ಪುಣ್ಯಾತ್ಮ. ಬಿಡಲಿಲ್ಲ.

"ತಮಾಷೆ ಅಲ್ಲ ಮಾವಯ್ಯ. ನಂಗೆ ಹೆಸ್ರ್ ಬೇಕ್. ನಿಮ್ಗಿಂತ ಮೊದ್ಲ್ ಯಾರ್ ಹೇಳಿದ್ದ್ ಅಂದೇಳಿ ಗೊತ್ತಾಯ್ಕ್."

ಈ ಸಲ ಯಾರೂ ನಗಲಿಲ್ಲ. ಪ್ರೇಮಾನಂದ ಮಾಸ್ತರರು ತಲೆ ತಗ್ಗಿಸಿ ಅಡಿಕೆ ಹುಡುಕತೊಡಗಿದರು. ಭಾಗವತರು ಇಲ್ಲದ ಕೆಮ್ಮು ಕೆಮ್ಮಿದರು. ಕೃಷ್ಣಯ್ಯನವರು ಕೈಯಲ್ಲಿದ್ದ ಎಲೆಯನ್ನು ಹರಿವಾಣಕ್ಕೆ ತಿರುಗಿ ಇಟ್ಟು, "ಹೊತ್ತಾಯ್ತ್, ಹೋಪ," ಎಂದು ಎದ್ದರು. ಮನೆಗೆ ಬಂದವರು ಊಟಕ್ಕೂ ಏಳಲಿಲ್ಲ.

"ಎಂತ ಆಯ್ತ್ ಮಾಣಿ? ಕೂಟದಲ್ ಸೋತ್ರಾ?" ಎಂದು ಅತ್ತೆ ಪಿಸುಗುಟ್ಟಿದರು.

"ಇಲ್ಲ ಅತ್ತೆ, ಗೆದ್ದ್ರ್."

"ಗೆದ್ದ್ ಬಂದೋರ್ ಹೀಂಗ್ ಕೂಕಂತ್ರಾ?"

ವಿಷ್ಣುಮೂರ್ತಿಗೆ ಏನೋ ತಪ್ಪಾಯಿತು ಎಂದು ಗೊತ್ತಾಯಿತು, ಏನು ಎಂದು ಗೊತ್ತಾಗಲಿಲ್ಲ. ಮರುದಿನ ಬೆಳಿಗ್ಗೆ ಮಾವನ ಎದುರು ಕೂತು ಎಲ್ಲವನ್ನೂ ಬಿಡಿಸಿ ಹೇಳಿದ. ಪ್ರಬಂಧ, ಉಮಾನಾಥ, ಪ್ರೊಫೆಸರು, ಅಡಿಯಲ್ಲಿ ಬರೆಯಬೇಕಾದ ಹೆಸರು, ಅದಿಲ್ಲದಿದ್ದರೆ ಪದವಿಯೂ ಇಲ್ಲ ಕೆಲಸವೂ ಇಲ್ಲ ಎಂಬುದು. ಕೃಷ್ಣಯ್ಯನವರು ಗದ್ದೆಯ ಕಡೆ ನೋಡುತ್ತಲೇ ಎಲ್ಲ ಕೇಳಿಸಿಕೊಂಡರು.

"ಕಿರಿಮಂಜೇಶ್ವರದಲ್ ಶಾಮರಾಯರಿದ್ರ್. ಅವ್ರ್ ಹತ್ರ ಹೋಯಿ ಕೇಣ್," ಎಂದರು. ಅಷ್ಟೇ.

ಹಾಗಾದರೆ ಮಾತು ಶಾಮರಾಯರದ್ದು ಎಂದುಕೊಂಡ ವಿಷ್ಣುಮೂರ್ತಿ. ಮಾವನದ್ದಲ್ಲವಲ್ಲ ಎಂದು ಒಳಗೊಳಗೆ ಬೇಜಾರೂ ಆಯಿತು. ಹೊರಟ. ಮತ್ತೆ ಇದ್ದಲಿನ ಬಸ್ಸು, ಮತ್ತೆ ಹೊಗೆ. ಕುಂದಾಪುರದ ಕಡವಿನಲ್ಲಿ ದೋಣಿಗೆ ಕಾಯುತ್ತಿದ್ದಾಗ ಎದುರಿಗೇ ಸಿಕ್ಕಿದವ ಯಾರು? ಉಮಾನಾಥ. ಬಿಳಿ ಷರಟು, ಕೈಯಲ್ಲಿ ಒಂದು ಹಲಸಿನ ಹಣ್ಣು.

"ಹ್ವಾಯ್ ವಿಷ್ಣು! ಎಂತ ಮಾರಾಯ, ಮೋರೆ ಹೀಂಗ್ ಮಾಡ್ಕಂಡಿದ್ದೆ?"

"ನಿನ್ನಿಂದ್ಲೇ."

"ನಾನ್ ಹೊಗ್ಳಿದ್ ಮಾರಾಯ! ಒಳ್ಳೇ ಮಾತ್ ಅಂದೇಳಿ ಹೇಳ್ದೆ, ಅದ್ರಲ್ ಎಂತ ತಪ್ಪ್?" ಉಮಾನಾಥನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ದೋಣಿಯಲ್ಲಿ ಕೂತು ಕಥೆಯೆಲ್ಲ ಕೇಳಿದ ಮೇಲೆ ಹೇಳಿದ, "ನನ್ನನ್ನೇ ಕಾಣ್. ನಮ್ದ್ ಅಳಿಯಸಂತಾನ, ನಂಗೆ ಮನೆತನ ಬಂದದ್ ಅಮ್ಮನ ಕಡೆಯಿಂದ, ಗದ್ದೆ ಬಪ್ದ್ ಮಾವನಿಂದ. ಯೂನಿವರ್ಸಿಟಿಯಲ್ ಸೇರುಕೆ ಹೋದ್ರೆ ಅಪ್ಪನ ಹೆಸ್ರ್ ಹೇಳ್ ಅಂದ್ರ್. ಹೇಳ್ದೆ. ಅಲ್ಲಿಂದ ಮೇಲೆ ಅವ್ರ್ ಲೆಕ್ಕದಲ್ ನಾನ್ ಬೇರೆ ಯಾರೋ. ಎಲ್ಲಿಂದ ಬಂದೆ ಅಂದೇಳಿ ಕೇಂಡೋರಿಗೆ ಅವ್ರಿಗ್ ಬೇಕಾದ್ದನ್ನೇ ಹೇಳ್ಕ್ ಮಾರಾಯ. ನೀನೂ ಒಂದ್ ಹೆಸ್ರ್ ಬರ್ದ್ ಹಾಕ್."

"ಸುಳ್ಳ್ ಹೆಸ್ರಾ?"

"ಸತ್ತೋರ್ ಹೆಸ್ರ್. ಅವ್ರ್ ಬಂದ್ ಹೇಳ್ತ್ರಾ?"

ವಿಷ್ಣುಮೂರ್ತಿಗೆ ಬಹಳ ದಿನದ ಮೇಲೆ ನಗು ಬಂತು. ನಕ್ಕು ಮುಗಿದ ಮೇಲೆ ಸುಸ್ತು ಇನ್ನೂ ಜಾಸ್ತಿಯಾಯಿತು.

ಶಾಮರಾಯರ ಮನೆ ಕಿರಿಮಂಜೇಶ್ವರದ ದೇವಸ್ಥಾನಕ್ಕೆ ಹತ್ತಿರ. ಒಂದು ಕಾಲಕ್ಕೆ ರಾಜನ ಅರ್ಥವೆಂದರೆ ಶಾಮರಾಯರೇ. ಈಗ ಕಾಲು ಬಿದ್ದುಹೋಗಿ ಮಂಚದ ಮೇಲೇ ವಾಸ. ಆದರೆ ದನಿ ಇನ್ನೂ ರಾಜನದ್ದೇ. ಹೆಂಡತಿ ತುಂಗಮ್ಮ ಬೆಲ್ಲ ನೀರು ತಂದಿಟ್ಟು, "ಮೆಲ್ಲ ಮಾತಾಡಿ, ರಸ್ತೆಗ್ ಕೇಣತ್ತ್," ಎಂದು ಗದರಿಸಿ ಹೋದರು.

ವಿಷ್ಣುಮೂರ್ತಿ ಕೇಳಿದ. ಶಾಮರಾಯರು ಮಂಚ ಅಲ್ಲಾಡುವ ಹಾಗೆ ನಕ್ಕರು.

"ನಂದಾ? ಕೃಷ್ಣಯ್ಯ ಹಾಂಗ್ ಹೇಳ್ದ್ನಾ?"

"ನಿಮ್ ಹತ್ರ ಕೇಣ್ ಅಂದ್ರ್."

"ಹಾಂ. ಹಾಂಗ್ ಹೇಳ್." ಅವರು ದಿಂಬಿಗೆ ಒರಗಿದರು. "ಕೋಟದಲ್ ಒಂದ್ ಕೂಟ. ನಿನ್ ಮಾವ ಆಗ ಹೊಸ್ಬ, ನಂಗೆ ಸೊಕ್ಕಿನ್ ಪ್ರಾಯ. ಈ ಮಾಣಿನ ಇವತ್ ಎಬ್ಸಿ ಕಳ್ಸುದೇ ಅಂದ್ಕಂಡ್ ಕೂಕಂಡಿದ್ದೆ. ಮಾತ್ ನಿಂದಾ, ಕಳ್ಸಿದೋರ್ದಾ ಅಂದೇಳಿ ಹಿಡ್ದೆ. ಅಲ್ಲಿವರೆಗೆ ಯಾರೂ ದೂತನ ಹತ್ರ ಅದನ್ ಕೇಂಡದ್ದಿಲ್ಲೆ. ನಿನ್ ಮಾವ ಬೆವ್ತ್ ಹೋದ. ಬಾಯಿ ತೆರೀತ, ಮುಚ್ಚ್ತ. ಭಾಗವತ್ರಿಗ್ ಪಾಪ ಕಂಡಿತ್, ಪದ ಎತ್ತಿ ಪಾರ್ ಮಾಡ್ವ ಅಂದೇಳಿ ತಾಳಕ್ಕ್ ಕೈ ಹಾಕ್ರ್. ಅಷ್ಟೊತ್ತಿಗೆ ಬಂತ್ ಕಾಣ್ ಆ ಮಾತ್! ನಾನ್ ರಾಜ ಅಂಬ್ದನ್ನೇ ಮರ್ತ್ ಭಳಿರೇ ಅಂದ್ಬಿಟ್ಟೆ."

"ಅಂದ್ರೆ ಅದ್ ಮಾವಂದೇ?"

"ಮತ್ತೆ ಯಾರ್ದ್? ಆಮೇಲೆ ಎಷ್ಟ್ ಕಡೆ ನಾನೇ ಅದನ್ ಹೇಳಿದ್ದೆ, ಮತ್ತೆಷ್ಟ್ ಜನ ಹೇಳಿದ್ರ್. ಅವನ ಎದ್ರಿಗ್ ಕೂಕಂಡೂ ಹೇಳಿದ್ದೆ. ಒಂದ್ ದಿನ ಹುಬ್ಬ್ ಎತ್ತಿದವನಲ್ಲ."

ವಿಷ್ಣುಮೂರ್ತಿಗೆ ಎದ್ದು ಕುಣಿಯುವಷ್ಟು ಖುಷಿಯಾಯಿತು. ಮಾತು ಮಾವನದ್ದೇ! "ಹಾಂಗಾರೆ ನಂಗ್ ಅವ್ರೇ ಹೇಳ್ಲಕ್ಕಿತ್ತಲ್ದಾ? ಇಷ್ಟ್ ದೂರ ಎಂತಕ್ ಕಳ್ಸಿದ್ದ್?"

"ಇದ್ ತನ್ನದ್ ಅಂದೇಳಿ ಅರ್ಥಧಾರಿ ಯಾವ್ ಬಾಯಲ್ ಹೇಳುದ್ ಮಾರಾಯ? ಹಾಂಗ್ ಹೇಳುಕಾಗ. ಹೇಳುಕಾಪುದ್ ಎದುರ್ ಕೂತವನಿಗೆ ಮಾತ್ರ. ಅದ್ಕೇ ನನ್ ಹತ್ರ ಕಳ್ಸಿದ್ದ್." ಶಾಮರಾಯರು ಬೆಲ್ಲ ನೀರಿನ ಲೋಟ ತೆಗೆದುಕೊಂಡವರು ನಿಲ್ಲಿಸಿ ಕೇಳಿದರು, "ಅಂದ್ ಹಾಂಗೆ, ಇದನ್ ನೀನ್ ಅವನ್ ಹತ್ರ ಎಲ್ಲಿ ಕೇಂಡದ್ದ್? ಮನೇಲಾ?"

"ಕೂಟ ಮುಗ್ದ್ ಮೇಲೆ. ಚಾವಡಿಯಲ್."

"ಎಲ್ಲರ್ ಎದ್ರಿಗಾ?"

"ಹೌದ್."

ಶಾಮರಾಯರು ಲೋಟ ಕೆಳಗಿಟ್ಟರು. ರಾಜನ ದನಿ ಹೋಗಿಯೇ ಹೋಯಿತು. "ಅಯ್ಯೋ ಮಾಣಿ," ಎಂದರು. "ಅದನ್ ಮಾತ್ರ ಕೇಣುಕಾಗ. ಕಲ್ಲ್ ಹೊಡಿ, ಬಯ್ಯಿ, ನಿದ್ದೆ ಬಂತ್ ಅಂದೇಳಿ ಎದ್ದ್ ಹೋಗ್, ಅದೆಲ್ಲ ತಡ್ಕಂತೊ. ಇದ್ ಯಾರ್ದ್ ಅಂದೇಳಿ ಕೇಣುಕಾಗ. ಕದ್ದದ್ ಅಂದ್ ಹೇಳ್ದಂಗ್ ಆತ್ತ್, ಅದ್ ಹೋಗ್ಲಿ, ಅದ್ ಎರಡ್ ದಿನದ್ ಬೇಜಾರ್. ಆದ್ರೆ ಮತ್ತ್ ಅಂವ ಬಾಯಿ ತೆರ್ದಾಗೆಲ್ಲ ಇದ್ ಎಲ್ಲಿಂದ ಬಂತ್ ಅಂದೇಳಿ ತನ್ನನ್ನೇ ಕೇಣುಕೆ ಶುರು ಮಾಡ್ತ. ಹಾಂಗ್ ಕೇಂಡ್ಕಂಡ್ ಕೂತವನಿಗೆ ಮಾತ್ ಬತ್ತಿಲ್ಲೆ. ನನ್ ಕಾಲದಲ್ ಒಬ್ಬನಿಗ್ ಹಾಂಗ್ ಆದ್ದನ್ ಕಂಡಿದ್ದೆ. ಅಂವ ಮತ್ತ್ ಚಾಪೆ ಮೇಲೆ ಕೂಕಂಡದ್ದೇ ಇಲ್ಲೆ."

"ನಂಗ್ ಗೊತ್ತಿರ್ಲಿಲ್ಲೆ."

"ಗೊತ್ತಿದ್ದಿರೆ ಕೇಣ್ತಿರ್ಲಿಲ್ಲೆ, ಅದ್ ನಂಗೂ ಗೊತ್ತ್."

ತಿರುಗಿ ಬರುವ ದಾರಿಯಲ್ಲಿ ಬಸ್ಸು ಎರಡು ಕಡೆ ನಿಂತಿತು. ಎರಡು ಕಡೆಯೂ ವಿಷ್ಣುಮೂರ್ತಿ ಇಳಿದು ದೂಡಿದ, ಏಕೆ ದೂಡುತ್ತಿದ್ದೇನೆ ಎಂಬ ಧ್ಯಾನವೇ ಇಲ್ಲದೆ. ಕೇಳಲು ಹೋದದ್ದು ಸಿಕ್ಕಿತ್ತು. ಹೆಸರು ಸಿಕ್ಕಿತ್ತು. ಅದೂ ಅವನು ಮನಸ್ಸಿನಲ್ಲಿ ಹಾರೈಸಿದ್ದ ಹೆಸರೇ. ಆದರೂ ಹಿಗ್ಗು ಬರಲಿಲ್ಲ. ಒಂದು ವೇಳೆ ಶಾಮರಾಯರು ಹೆದರಿಸಲು ಹೇಳಿದ್ದಿರಬಹುದು, ಮಾವ ಅಷ್ಟೆಲ್ಲ ಮೆತ್ತಗಿನವರಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಅದನ್ನು ಅವನೇ ನಂಬಲಿಲ್ಲ.

ಮುಂದಿನ ಕೂಟ ಬ್ರಹ್ಮಾವರದಲ್ಲಿ. ಅದೇ ಸಂಧಾನ, ಅದೇ ಭಾಗವತರು, ಎದುರಿಗೆ ಅದೇ ಪ್ರೇಮಾನಂದ ಮಾಸ್ತರರು. ಕೃಷ್ಣಯ್ಯನವರು ಹೊರಟರು. ಹೊರಟದ್ದನ್ನು ಕಂಡೇ ವಿಷ್ಣುಮೂರ್ತಿಗೆ ಹೋದ ಜೀವ ಬಂದಂತಾಯಿತು. ಮಾವನ ಶಾಲು ತಾನೇ ಹೊತ್ತುಕೊಂಡು ಜೊತೆಗೆ ಹೋದ. ಚಾವಡಿ ತುಂಬಿತ್ತು. ಮೊದಮೊದಲು ಎಲ್ಲ ಸರಿಯಾಗಿಯೇ ಇತ್ತು. ದೂತ ಬಂದ, ಕುಶಲ ಕೇಳಿದ, ರಾಜ ಹಂಗಿಸಿದ. ಪ್ರೇಮಾನಂದರು ಒಳ್ಳೆಯ ಮನುಷ್ಯ. ಹಿರಿಯರ ಮನಸ್ಸು ನೊಂದಿದೆ, ಅವರಿಗೆ ಪ್ರಿಯವಾದ ಜಾಗಕ್ಕೇ ಕರೆದುಕೊಂಡು ಹೋಗೋಣ ಎಂದು ದಾರಿ ಮಾಡಿಕೊಟ್ಟು, ಗೌರವದಿಂದಲೇ ಆ ಪ್ರಶ್ನೆ ಹಾಕಿದರು. "ನೀನಾಡುವುದು ನಿನ್ನ ಮಾತೋ, ನಿನ್ನನ್ನು ಕಳಿಸಿದವನ ಮಾತೋ?"

ಚಾವಡಿ ಮುಂದಕ್ಕೆ ಬಗ್ಗಿತು. ಕೃಷ್ಣಯ್ಯನವರು ತಲೆಯೆತ್ತಿದರು.

"ಇದಕ್ಕೆ," ಎಂದರು. ನಿಲ್ಲಿಸಿದರು. "ಇದಕ್ಕೆ ಹಿಂದಿನವರು ಹೇಳಿದ್ದುಂಟು..."

ಯಾರೋ ಸಣ್ಣಗೆ ನಕ್ಕರು. ಹೊಸ ಚಮತ್ಕಾರ ಏನೋ ಬರುತ್ತಿದೆ ಎಂದುಕೊಂಡಿರಬೇಕು. ಕೃಷ್ಣಯ್ಯನವರು ಮತ್ತೆ ಶುರುಮಾಡಿದರು. "ಮಾತು ಹುಟ್ಟಿದ ಮನೆ ಎಂಬುದನ್ನು ಮೊದಲು ಯಾರು ಹೇಳಿದರೋ, ನನಗೆ ಸರಿಯಾಗಿ... ಜವಾಬು ಎಂಬ ಶಬ್ದ ಒಬ್ಬ ಶಾನುಭೋಗರು ಆಡುತ್ತಿದ್ದದ್ದು. ತಲೆ ಹೋಗುವ ಸಂಗತಿ ನನ್ನ ಅಪ್ಪಯ್ಯ..." ಅವರ ಕಣ್ಣು ಚಾವಡಿಯ ಮೂಲೆಯಲ್ಲಿ ಕೂತಿದ್ದ ಅಳಿಯನ ಮೇಲೆ ಬಿತ್ತು. ಸಿಟ್ಟಿನ ನೋಟವಾಗಿರಲಿಲ್ಲ ಅದು. ಸರಿಯಾಗಿ ಹೇಳುತ್ತಿದ್ದೇನಷ್ಟೆ ಎಂದು ಕೇಳುವ ಹಾಗಿತ್ತು.

ದೂತ ಹೋಗಿ ಮುದುಕರೊಬ್ಬರು ಚಾಪೆಯ ಮೇಲೆ ಉಳಿದಿದ್ದರು. ಪ್ರೇಮಾನಂದರು ಏನು ಮಾಡಲೂ ತೋಚದೆ ಭಾಗವತರ ಕಡೆ ನೋಡಿದರು. ಕೃಷ್ಣಯ್ಯನವರೇ, "ಪದ ಮುಂದ್ ತೆಕ್ಕಣಿ ಭಾಗವತ್ರೇ," ಎಂದರು, ಪಾತ್ರದ ದನಿಯಲ್ಲಲ್ಲ, ಮನೆಯ ದನಿಯಲ್ಲಿ. ಮುಂದೆ ಕೂಟ ಮುಗಿಯುವವರೆಗೆ ಕೈಮುಗಿದು ಸುಮ್ಮನೆ ಕೂತರು. ವಿಷ್ಣುಮೂರ್ತಿಗೆ ಅಳು ತಡೆಯಲಾಗಲಿಲ್ಲ. ಎದ್ದು ಅಂಗಳಕ್ಕೆ ಹೋದ.

ಮರುದಿನ ಬೆಳಿಗ್ಗೆ ಮಾವ ಜಗಲಿಯಲ್ಲಿ ಕೂತಿದ್ದಾಗ ಅವನು ಹೋಗಿ ಕಾಲ ಬುಡದಲ್ಲಿ ಕೂತ.

"ಮಾವಯ್ಯ, ನಾನ್ ಆ ಪ್ರಬಂಧ ಕೊಡುದಿಲ್ಲ. ಪದವಿ ಬೇಡ, ಕೆಲ್ಸವೂ ಬೇಡ. ನಂಗ್ ಎಲ್ಲ ಸಾಕಾಯ್ತ್."

"ಮರ್ಲ್ ಹಿಡ್ದಿತ್ತಾ ನಿಂಗೆ?"

"ನಿಮ್ ಬಾಯಿಂದ ಮಾತ್ ತೆಗ್ದದ್ ನಾನ್."

"ಹೌದ್," ಎಂದರು ಕೃಷ್ಣಯ್ಯನವರು. ಇಲ್ಲ ಮಾಣಿ, ಹಾಗೇನಿಲ್ಲ ಎನ್ನುತ್ತಾರೆಂದು ಅವನು ಕಾದಿದ್ದ. ಅವರು ಹಾಗೆ ಹೇಳಲಿಲ್ಲ. "ನಾನ್ ಪ್ರಯತ್ನ ಮಾಡ್ದೆ. ಬೆಳ್ಗ್ ಎದ್ದ್ ಹಟ್ಟಿಯಲ್ ದನದ ಹತ್ರ ಮಾತಾಡ್ತೆ, ಅಲ್ಲೂ ಹಾಂಗೇ ಆತ್ತ್. ಇನ್ನ್ ಆಪುದಲ್ಲ ಅದ್. ನಂದ್ ಹೋಯ್ತ್. ನಿಂದೂ ಹೋಪುದ್ ಎಂತಕೆ?" ಒಂದು ಎಲೆ ತೆಗೆದು ಸುಣ್ಣ ಹಚ್ಚುತ್ತ, "ಶಾಮರಾಯರ್ ಎಂತ ಹೇಳ್ದ್ರ್?" ಎಂದು ಕೇಳಿದರು.

"ನಿಮ್ದೇ ಅಂದ್ರ್."

ಅವರ ಮುಖದಲ್ಲಿ ಒಂದು ನಗು ಬಂದು ಹೋಯಿತು. "ಹಾಂಗಾರೆ ಬರಿ. ಈಗ್ಲೇ ಬರಿ. ಸಾಲಿಗ್ರಾಮದ ಕೃಷ್ಣಯ್ಯ ಅಂದೇಳಿ. ಶಾಮರಾಯರ ಹೆಸ್ರೂ ಹಾಕ್. ಅವ್ರ್ ಹಾಂಗ್ ಹಿಡೀದೆ ಇದ್ದಿರೆ ನಾನ್ ಎಲ್ಲಿ ಹೇಳ್ತಿದ್ದೆ?"

ವಿಷ್ಣುಮೂರ್ತಿ ಎದ್ದ. ಒಳಗಿನಿಂದ ಪ್ರಬಂಧ ತಂದ. ಇಂಗ್ಲಿಷಿನಲ್ಲಿ ಟೈಪು ಮಾಡಿದ ಹಾಳೆಗಳು. ಬೇಕಾದ ಪುಟ ತೆರೆದು, ಅಡಿಯಲ್ಲಿ ಬಿಟ್ಟ ಜಾಗದಲ್ಲಿ ಸಣ್ಣ ಅಕ್ಷರದಲ್ಲಿ ಎರಡು ಹೆಸರು ಬರೆದ. ಶಾಯಿ ಒಣಗಲೆಂದು ಊದಿದ. ಪ್ರೊಫೆಸರು ಇನ್ನು ಸಂತೋಷದಿಂದ ಸಹಿ ಹಾಕುತ್ತಾರೆ ಎಂಬುದರಲ್ಲಿ ಅವನಿಗೆ ಅನುಮಾನ ಉಳಿಯಲಿಲ್ಲ.

"ಓದ್ ಕಾಂಬ," ಎಂದರು ಮಾವ.

"ಇಂಗ್ಲಿಷಲ್ಲಿತ್ತ್ ಮಾವಯ್ಯ."

"ಇರ್ಲಿ. ಓದ್."

ಓದಿದ. ಕೃಷ್ಣಯ್ಯನವರು ಕಂಬಕ್ಕೆ ಒರಗಿ, ಕಣ್ಣು ಮುಚ್ಚಿ, ಕೂಟದಲ್ಲಿ ಎದುರಾಳಿಯ ಅರ್ಥ ಕೇಳುವ ಹಾಗೆ ಕಿವಿಗೊಟ್ಟು ಕೂತರು. ಮುಗಿದಾಗ, "ಮತ್ತೊಂದ್ ಸಲ," ಎಂದರು. ಅವನು ಮತ್ತೆ ಓದಿದ, ಈ ಸಲ ಇನ್ನೂ ನಿಧಾನ. ಕಡೆಯಲ್ಲಿ ತಮ್ಮ ಹೆಸರು ಬಂದಾಗ ಅವರು ಚಿಕ್ಕದಾಗಿ ತಲೆಯಾಡಿಸಿದರು.

"ಹೆಸ್ರೊಂದ್ ಗೊತ್ತಾಯ್ತ್," ಎಂದು ಕಣ್ಣು ತೆರೆದರು. "ಉಳ್ದದ್ದ್ ಎಂತ ಬರ್ದಿದ್ದೆ ನೀನ್?"

ವಿಷ್ಣುಮೂರ್ತಿ ಕನ್ನಡದಲ್ಲಿ ಹೇಳಲು ಬಾಯಿ ತೆರೆದ. ಮಾವ ಹೊಸದೇನನ್ನೋ ಕೇಳುವವರಂತೆ ಅವನ ಮುಖವನ್ನೇ ನೋಡುತ್ತಿದ್ದರು. ಕನ್ನಡದಲ್ಲಿ ಅದನ್ನು ಹೇಳಲು ಅವನ ಬಳಿ ಇದ್ದದ್ದು ಮಾವ ಕಳೆದುಕೊಂಡ ಆ ಮಾತೊಂದೇ. ಅವನು ತೆರೆದ ಬಾಯಿ ಮುಚ್ಚಿ ಹಾಳೆಗಳನ್ನು ಜೋಡಿಸತೊಡಗಿದ.